ಅಮ್ಮಣ್ಣಿ ಮಗನನ್ನು ತಡೆದ ಭಾನುವಾರ

ಅಮ್ಮಣ್ಣಿಗೆ ಆ ತೋಟದ ಮನೆಗೆ ಹೋಗಲು ಮೊದಲಿನಿಂದಲೂ ಮನಸ್ಸಿರಲಿಲ್ಲ. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ಹೇಳಿದ್ದರೆ ಮಗ ಸುಧೀಂದ್ರ "ಶುರುವಾಯ್ತಾ ಅಮ್ಮ ನಿಂದು" ಅನ್ನುತ್ತಿದ್ದ. ಸೊಸೆ ಅಮೂಲ್ಯಾ ಏನೂ ಅನ್ನದೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದಳು. ಶುಕ್ರವಾರ ಗಾಂಧಿ ಜಯಂತಿ, ಅದರ ಬೆನ್ನಿಗೇ ಶನಿವಾರ, ಭಾನುವಾರ. ಮೂರು ದಿನ ರಜೆ ಸಿಕ್ಕಿತೆಂದು ಹೂಡಿಯ ಆ ಅಪಾರ್ಟ್‌ಮೆಂಟಿನ ಅರ್ಧಕ್ಕರ್ಧ ಜನ ಗುರುವಾರ ಸಂಜೆಯೇ ಗಂಟುಮೂಟೆ ಕಟ್ಟಿದ್ದರು. ಇವರೂ ಕಟ್ಟಿದರು. ಸುಧೀಂದ್ರ, ಅಮೂಲ್ಯಾ, ಐದು ವರ್ಷದ ಮೊಮ್ಮಗ ಪ್ರಮಥ, ಜೊತೆಗೆ ಎದುರು ಮನೆಯ ಗುರುರಾಜ್, ಅವನ ಹೆಂಡತಿ ನಿವೇದಿತಾ, ಮಗಳು ಸ್ಫೂರ್ತಿ. ಭಾನುವಾರ ಸ್ಫೂರ್ತಿಗೆ ಒಂಬತ್ತು ತುಂಬುತ್ತಿತ್ತು. ಸರ್ಜಾಪುರ ದಾಟಿ ಆರೇಳು ಮೈಲಿ ಒಳಗೆ, ಸಪೋಟ ಗಿಡಗಳ ನಡುವೆ ಒಂದು ತೋಟದ ಮನೆಯನ್ನು ಎರಡು ರಾತ್ರಿಗೆ ಬಾಡಿಗೆ ಹಿಡಿದಿದ್ದರು. ಭಾನುವಾರ ಮಧ್ಯಾಹ್ನಕ್ಕೆ ಆಫೀಸಿನ ಇನ್ನು ನಾಲ್ಕು ಸಂಸಾರಗಳು ಬಂದು ಸೇರಿಕೊಳ್ಳುವುದೆಂದು ಮಾತಾಗಿತ್ತು.

ಗುರುರಾಜ್ ಕೊಪ್ಪಳದ ಕಡೆಯವನು. ಸುಧೀಂದ್ರನೂ ಅವನೂ ಎಲೆಕ್ಟ್ರಾನಿಕ್ ಸಿಟಿಯ ಒಂದೇ ಕಂಪನಿಯಲ್ಲಿ, ಒಂದೇ ಕಾರಿನಲ್ಲಿ ಐದು ವರ್ಷ ಹೋಗಿಬಂದು ಮಾಡಿದವರು. ಎತ್ತರದ ಆಳು, ದೊಡ್ಡ ದನಿ. ಕಟ್ಟಡದಲ್ಲಿ ಯಾರ ಮನೆಯ ನಲ್ಲಿ ಸೋರಿದರೂ, ಗೀಸರ್ ಕೆಟ್ಟರೂ ಅವನೇ ಸ್ಪ್ಯಾನರ್ ಹಿಡಿದು ಹಾಜರಾಗುತ್ತಿದ್ದ. ಅಮ್ಮಣ್ಣಿಯನ್ನು "ಅಮ್ಮಾರೇ" ಅಂತ ಕರೆಯುತ್ತಿದ್ದ. ಊರಿನಿಂದ ಬಂದಾಗಲೆಲ್ಲ ಅವಳಿಗೆಂದೇ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ತಂದುಕೊಡುತ್ತಿದ್ದ.

ಅಮ್ಮಣ್ಣಿಯ ಭಯ ಕಟ್ಟಡಕ್ಕೆಲ್ಲ ಗೊತ್ತಿದ್ದದ್ದೇ. ಒಂಬತ್ತನೆಯ ಮಹಡಿಯ ಬಾಲ್ಕನಿಗೆ ಮಗ ಗ್ರಿಲ್ ಹಾಕಿಸುವವರೆಗೆ ಅವಳು ಮೊಮ್ಮಗನನ್ನು ಆ ಕಡೆ ಸುಳಿಯಗೊಟ್ಟಿರಲಿಲ್ಲ. ಮಲಗುವ ಮುಂಚೆ ಗ್ಯಾಸಿನ ನಾಬ್ ಮುಟ್ಟಿ ನೋಡುತ್ತಿದ್ದಳು, ಮಲಗಿದವಳು ಎದ್ದು ಬಂದು ಇನ್ನೊಮ್ಮೆ ಮುಟ್ಟುತ್ತಿದ್ದಳು. ಮಕ್ಕಳು ಅವಳನ್ನು ಹುಷಾರಜ್ಜಿ ಅನ್ನುತ್ತಿದ್ದರು. ನಗುವವರು ನಗಲಿ ಎಂದು ಅವಳು ಸುಮ್ಮನಿದ್ದಳು. ಭಯದ ಬೇರು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಹೊಸಬರ ಮುಂದೆ ಬಿಡಿಸಿ ಹೇಳಿಕೊಳ್ಳುವ ಸ್ವಭಾವ ಅವಳದಲ್ಲ.

ಮೂವತ್ತೈದು ವರ್ಷದ ಹಿಂದೆ, ಸುಧೀಂದ್ರನಿಗೆ ನಾಲ್ಕು ತುಂಬಿದ್ದಾಗ, ಅವಳ ಗಂಡ ಶ್ಯಾಮಣ್ಣ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ. ಕಾರ್ಖಾನೆಯ ಹಿಂದೆ ಕೊಳೆನೀರು ನಿಲ್ಲುವ ಗುಂಡಿ. ಅದನ್ನು ಬಳಿಯಲು ಗುತ್ತಿಗೆದಾರ ಯಮನೂರ ಎಂಬ ಹುಡುಗಪ್ರಾಯದ ಕೂಲಿಯವನನ್ನು ಇಳಿಸಿದ. ಅವನು ಇಳಿದು ಎರಡು ನಿಮಿಷಕ್ಕೆ ಕುಸಿದ. ಆ ದಾರಿಯಲ್ಲಿ ಹೋಗುತ್ತಿದ್ದ ಶ್ಯಾಮಣ್ಣ ನೋಡಿದವನೇ ಊಟದ ಡಬ್ಬಿ ಕೆಳಗಿಟ್ಟು ಇಳಿದುಬಿಟ್ಟ. ಅವನೂ ಮೇಲೆ ಬರಲಿಲ್ಲ. ಮೂರನೆಯವನು ಇಳಿಯಹೊರಟಾಗ ಯಾರೋ ಹಿಡಿದುಕೊಂಡರಂತೆ. ಕಾರ್ಖಾನೆಯವರು ಶ್ಯಾಮಣ್ಣನ ಧೈರ್ಯವನ್ನು ಮೆಚ್ಚಿ ಕಟ್ಟುಹಾಕಿದ ಪತ್ರ ಕೊಟ್ಟರು. ಅವಳಿಗೆ ಅನುಕಂಪದ ಮೇಲೆ ಕೆಲಸವನ್ನೂ ಕೊಟ್ಟರು, ಅದೂ ಸೇಫ್ಟಿ ಸ್ಟೋರಿನಲ್ಲಿ. ಕೈಗವಸು, ಹೆಲ್ಮೆಟ್ಟು, ಹಗ್ಗ, ಮುಖಕ್ಕೆ ಹಾಕುವ ಗಾಳಿಯ ಮಾಸ್ಕು, ಇವನ್ನು ಎಣಿಸಿ ಕೊಡುವುದು, ಎಣಿಸಿ ಒಳಗಿಡುವುದು. ಮೂವತ್ತಮೂರು ವರ್ಷ ಅದನ್ನೇ ಮಾಡಿದಳು. ಮಾಸ್ಕು ಒಯ್ಯಲು ಬಂದವನನ್ನು ಹಾಗೇ ಬಿಡುತ್ತಿರಲಿಲ್ಲ. "ಕಟ್ಕೊಂಡು ತೋರ್ಸು, ಉಸಿರಾಡು, ಆಮೇಲೆ ತಗೊಂಡೋಗು" ಅನ್ನುತ್ತಿದ್ದಳು. ಪ್ರತಿ ವರ್ಷ ಹೊಸದಾಗಿ ಸೇರಿದವರಿಗೆ ಕ್ಲಾಸು ನಡೆಯುತ್ತಿತ್ತು. ಅಮ್ಮಣ್ಣಿ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು ಅದೇ ಪಾಠವನ್ನು ಮೂವತ್ತಮೂರು ಸಲ ಕೇಳಿದಳು: ಮುಚ್ಚಿದ ಗುಂಡಿಯಲ್ಲಿ ಗಾಳಿ ಸತ್ತಿರುತ್ತದೆ, ಮೂಗಿಗೆ ಗೊತ್ತಾಗುವುದಿಲ್ಲ, ಒಬ್ಬ ಬಿದ್ದರೆ ಅವನ ಹಿಂದೆ ಯಾರೂ ಇಳಿಯಬಾರದು.

ಯಾರೂ ಇಳಿಯಬಾರದು ಎಂಬ ಮಾತು ಬಂದಾಗೆಲ್ಲ ಅವಳಿಗೆ ಗಂಡನ ಮೇಲೆ ಸಿಟ್ಟು ಬರುತ್ತಿತ್ತು. ಪ್ರತಿ ವರ್ಷವೂ ಬರುತ್ತಿತ್ತು.

ತೋಟದ ಮನೆಯ ಮೊದಲ ದಿನ ಚೆನ್ನಾಗಿಯೇ ಕಳೆಯಿತು. ನಿವೇದಿತಾ ಮನೆಯಿಂದಲೇ ಕಡಕ್ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಬಂದಿದ್ದಳು. ಅಮೂಲ್ಯಾ ಬಿಸಿಬೇಳೆ ಬಾತ್ ಮಾಡಿದಳು. ಗಂಡಸರು ಮಕ್ಕಳ ಜೊತೆ ಕ್ರಿಕೆಟ್ ಆಡಿ ಸುಸ್ತಾಗಿ ಚಾಪೆಯ ಮೇಲೆ ಬಿದ್ದುಕೊಂಡರು. ಅಮ್ಮಣ್ಣಿ ಮಾತ್ರ ಮನೆಯ ಸುತ್ತ ಎರಡು ಸುತ್ತು ಬಂದಳು. ದನದ ಕೊಟ್ಟಿಗೆಯ ಪಕ್ಕ ನೆಲಕ್ಕೆ ಸಮನಾಗಿ ಒಂದು ಸಂಪು ಇತ್ತು. ತುಕ್ಕು ಹಿಡಿದ ಕಬ್ಬಿಣದ ಮುಚ್ಚಳ, ಒಂದು ಮೂಲೆ ಒಳಕ್ಕೆ ಬಗ್ಗಿತ್ತು. ತೋಟ ನೋಡಿಕೊಳ್ಳುವ ಮುನಿಯಣ್ಣನನ್ನು ಕರೆದು ಕೇಳಿದಳು.

"ಇದರಲ್ಲಿ ನೀರಿದೆಯಾ?"

"ಮಳೆ ನೀರು ಕಣಮ್ಮ. ಮೊಣಕಾಲುದ್ದ ಇರ್ಬೋದು. ನಾವ್ ತೆಗ್ದು ಒಂದ್ ವರ್ಸ ಆಯ್ತು. ಬೋರ್‌ವೆಲ್ ನೀರು ಬತ್ತದಲ್ಲ, ಇದು ಯಾಕ್ ಬೇಕು."

"ಮಕ್ಕಳು ಓಡಾಡ್ತಾರೆ. ಮೇಲೆ ಒಂದು ಕಲ್ಲು ಹೇರಿಬಿಡಿ."

ಮುನಿಯಣ್ಣ ಅರವತ್ತರ ಆಸುಪಾಸಿನ ಒಣಕಲು ಮನುಷ್ಯ. ಎದುರಾಡದೆ ಎರಡು ಸೈಜುಗಲ್ಲು ತಂದಿಟ್ಟ. ಅಮ್ಮಣ್ಣಿಗೆ ಸ್ವಲ್ಪ ಸಮಾಧಾನವಾಯಿತು. ಆದರೂ ಆ ರಾತ್ರಿ ಮೊಮ್ಮಗನ ಅಂಗಿಯ ಚುಂಗು ಹಿಡಿದುಕೊಂಡೇ ಮಲಗಿದಳು.

ಶನಿವಾರ ಸಂಜೆ ಬೋರ್‌ವೆಲ್ ಮೋಟಾರ್ ಸುಟ್ಟುಹೋಯಿತು. ತಾರಸಿಯ ತೊಟ್ಟಿಯಲ್ಲಿದ್ದ ನೀರು ಭಾನುವಾರ ಬೆಳಗಿನ ಸ್ನಾನಕ್ಕೇ ಖಾಲಿ. ಟ್ಯಾಂಕರಿನವನಿಗೆ ಫೋನ್ ಮಾಡಿದರೆ ಎರಡು ಗಂಟೆಯ ಮೇಲೆ ಬರುತ್ತೇನೆಂದ. ಹನ್ನೆರಡಕ್ಕೆ ನಾಲ್ಕು ಸಂಸಾರ ಬಂದಿಳಿಯುತ್ತದೆ, ಇಲ್ಲಿ ಕಾಲು ತೊಳೆಯಲೂ ನೀರಿಲ್ಲ. ಸಂಪಿಗೂ ಒಂದು ಪಂಪಿದೆ ಎಂದು ಮುನಿಯಣ್ಣನೇ ನೆನಪು ಮಾಡಿದ. ಸ್ವಿಚ್ ಹಾಕಿದರೆ ಪಂಪು ಗುಂಯ್‌ಗುಟ್ಟಿತು, ನೀರು ಏರಲಿಲ್ಲ.

ಇಷ್ಟೆಲ್ಲ ಆಗುವಾಗ ಅಮ್ಮಣ್ಣಿ ಅಡುಗೆಮನೆಯಲ್ಲಿ ಪೂರಿಗೆ ಹಿಟ್ಟು ನಾದುತ್ತಿದ್ದಳು. ಅಂಗಳದಲ್ಲಿ ಮಕ್ಕಳು ಕೇಕೆ ಹಾಕಿ ಕುಣಿಯುವುದು ಕೇಳುತ್ತಿತ್ತು. ಒಂಬತ್ತು ಗಂಟೆಗೆ ಒಬ್ಬ ಬಂದು, ಗಾಳಿ ತುಂಬಿದರೆ ಕೋಟೆಯಂತೆ ಎದ್ದು ನಿಲ್ಲುವ, ಮಕ್ಕಳು ಒಳಗೆ ಹಾರಿ ಕುಣಿಯುವ ಬಣ್ಣದ ರಬ್ಬರ್ ಮನೆಯನ್ನು ನಿಲ್ಲಿಸಿ, ಬ್ಲೋವರ್ ಚಾಲೂ ಮಾಡಿ, ಸಂಜೆ ಬಂದು ಒಯ್ಯುತ್ತೇನೆಂದು ಹೊರಟುಹೋಗಿದ್ದ. ಆ ಬ್ಲೋವರಿನ ಗದ್ದಲದಲ್ಲಿ ಹಿತ್ತಲಿನ ಮಾತೊಂದೂ ಕೇಳಿಸುತ್ತಿರಲಿಲ್ಲ.

ಸ್ಫೂರ್ತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಹುಟ್ಟುಹಬ್ಬದ ಹೊಸ ಫ್ರಾಕ್ ಹಾಕಿದ್ದಳು.

"ಅಜ್ಜಿ, ಅಪ್ಪ ನೀರಿನ ಗುಂಡಿಯೊಳಗೆ ಮಲ್ಕೊಂಡ್ಬಿಟ್ಟಿದ್ದಾರೆ."

ಅಮ್ಮಣ್ಣಿಯ ಕೈ ಹಿಟ್ಟಿನಲ್ಲೇ ನಿಂತಿತು. "ಏನಂದೆ?"

"ಕರೆದ್ರೆ ಮಾತಾಡ್ತಿಲ್ಲ. ಆಟ ಆಡಿಸ್ತಿದ್ದಾರೆ ಅನ್ಸುತ್ತೆ."

ಹಿಟ್ಟಿನ ಕೈಯಲ್ಲೇ ಹಿತ್ತಲಿಗೆ ಓಡಿದಳು. ಸೈಜುಗಲ್ಲುಗಳು ಪಕ್ಕಕ್ಕೆ ಸರಿದಿದ್ದವು, ಮುಚ್ಚಳ ಮಗುಚಿ ಬಿದ್ದಿತ್ತು. ಪಂಪಿನ ತಳದ ವಾಲ್ವಿಗೆ ಎಲೆ ಸಿಕ್ಕಿಕೊಂಡಿದೆ, ಐದು ನಿಮಿಷದ ಕೆಲಸ ಎಂದು ಗುರುರಾಜ್ ಒಳಗಿಳಿದಿದ್ದ. ಸುಧೀಂದ್ರ ಕಾರಿನಿಂದ ಸ್ಪ್ಯಾನರ್ ತರಲು ಹೋಗಿದ್ದ, ಮುನಿಯಣ್ಣ ಕೊಟ್ಟಿಗೆಯ ಆಚೆಗಿದ್ದ ಪಂಪಿನ ಸ್ವಿಚ್ಚಿನ ಹತ್ತಿರ ನಿಂತಿದ್ದ. ಇದನ್ನೆಲ್ಲ ಅವಳು ಆಮೇಲೆ ತಿಳಿದುಕೊಂಡದ್ದು. ಆಗ ಕಂಡದ್ದು ಒಂದೇ: ಆ ಕಡೆಯಿಂದ ಓಡಿಬಂದ ಸುಧೀಂದ್ರ ಒಳಗೆ ಬಗ್ಗಿ ನೋಡಿದ, "ಗುರು, ಏಯ್ ಗುರು" ಅಂದ, ಸ್ಪ್ಯಾನರ್ ಬಿಸಾಡಿ, ಸಂಪಿನ ಗೋಡೆಯ ಕಬ್ಬಿಣದ ಮೆಟ್ಟಿಲ ಮೇಲೆ ಕಾಲಿಟ್ಟ.

ಅಮ್ಮಣ್ಣಿ ಹಿಂದಿನಿಂದ ಅವನ ಸೊಂಟಕ್ಕೆ ಜೋತುಬಿದ್ದಳು. ಇಬ್ಬರೂ ಮಣ್ಣಿಗೆ ಬಿದ್ದರು.

"ಬಿಡಮ್ಮ, ಅವನು ಬಿದ್ದಿದ್ದಾನೆ ಬಿಡು."

"ಬಿಡಲ್ಲ."

"ಅಮ್ಮ, ಸಾಯ್ತಾನೆ ಅವನು."

"ನೀನೂ ಸಾಯ್ತೀಯ. ಅಲ್ಲಿ ಗಾಳಿ ಇಲ್ಲ ಕಣೋ. ನಿಮ್ಮಪ್ಪನೂ ಹಿಂಗೇ ಇಳಿದಿದ್ದು."

ಸುಧೀಂದ್ರ ಅವಳ ಕೈ ಬಿಡಿಸಲು ಕೊಸರಾಡಿದ. ಅವಳ ಉಗುರು ಅವನ ತೋಳಿನಲ್ಲಿ ಇಳಿದಿತ್ತು. ಅಪ್ಪನ ಹೆಸರು ಕೇಳಿ ಒಂದು ಕ್ಷಣ ಸಡಿಲಾದ. ಅಷ್ಟು ಸಾಕಾಯಿತು. ಅವಳು ತೆವಳಿಕೊಂಡು ಹೋಗಿ, ಅವನಿಗೂ ಸಂಪಿಗೂ ನಡುವೆ ಕೂತುಬಿಟ್ಟಳು.

ಬಗ್ಗಿ ನೋಡಿದಳು. ಎಂಟು ಅಡಿ ಆಳ. ಕೊಳೆತ ಎಲೆ, ಸಗಣಿಯ ನೀರು ಸೇರಿ ತಳ ಕಪ್ಪಗಿತ್ತು. ಗುರುರಾಜನ ಒಂದು ತೋಳು ಮೆಟ್ಟಿಲಿನ ಕಂಬಿಗೆ ಸಿಕ್ಕಿಕೊಂಡಿತ್ತು. ಅದೇ ಅವನ ತಲೆಯನ್ನು ನೀರಿನಿಂದ ಮೇಲೆ ಹಿಡಿದಿತ್ತು. ಬಾಯಿ ತೆರೆದಿತ್ತು. ಗೊರಕೆಯಂಥ ಒಂದು ಸದ್ದು, ತುಂಬ ಹೊತ್ತು ಬಿಟ್ಟು ಇನ್ನೊಂದು.

ಅವನು ಇನ್ನೂ ಬದುಕಿದ್ದ. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಸತ್ತಿದ್ದರೆ ಯಾರೂ ಇಳಿಯಬೇಕಾಗಿರಲಿಲ್ಲ. ಈ ಯೋಚನೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಷ್ಟರಲ್ಲಿ ನಿವೇದಿತಾ, ಅಮೂಲ್ಯಾ ಇಬ್ಬರೂ ಬಂದರು. ನಿವೇದಿತಾ ಗಂಡನನ್ನು ನೋಡಿ ಕೂಗಲೂ ಇಲ್ಲ. ಸುಧೀಂದ್ರನ ಕಡೆ ತಿರುಗಿ, "ಇಳೀರಿ ಅಣ್ಣ, ಯಾಕ ನಿಂತೀರಿ, ಇಳೀರಿ" ಅಂದಳು. ಅವನು ತಾಯಿಯನ್ನು ನೋಡಿದ.

"ಯಾರೂ ಇಳಿಯೋ ಹಾಗಿಲ್ಲ" ಎಂದಳು ಅಮ್ಮಣ್ಣಿ. "ಅಮೂಲ್ಯಾ, ಫೈರ್ ಸ್ಟೇಷನ್ನಿಗೆ ಫೋನ್ ಮಾಡು. ಸಂಪಿನಲ್ಲಿ ಗಾಳಿ ಇಲ್ಲದೆ ಬಿದ್ದಿದ್ದಾರೆ, ಉಸಿರಾಡೋ ಸೆಟ್ ತನ್ನಿ ಅಂತ ಹೇಳು. ಆಂಬುಲೆನ್ಸಿಗೂ ಮಾಡು. ಸುಧಿ, ಮಕ್ಕಳನ್ನ ಆ ರಬ್ಬರ್ ಮನೆಯಿಂದ ಇಳಿಸು. ಬ್ಲೋವರ್ ಬಿಚ್ಕೊಂಡು ಬಾ, ಅದರ ಬಟ್ಟೆಯ ಕೊಳವೆ ಎಷ್ಟುದ್ದ ಇದೆಯೋ ಅಷ್ಟನ್ನೂ ಕತ್ತರಿಸ್ಕೊಂಡು ಬಾ. ಓಡು."

ತನ್ನ ಬಾಯಿಂದ ಬರುತ್ತಿರುವ ಮಾತು ತನ್ನದೆಂದು ಅವಳಿಗೆ ಅನಿಸಲಿಲ್ಲ. ಮೂವತ್ತಮೂರು ವರ್ಷ ಬಾಗಿಲ ಪಕ್ಕ ಕೂತು ಕೇಳಿದ್ದು ತಾನಾಗಿ ಬರುತ್ತಿತ್ತು.

ಸುಧೀಂದ್ರ ಓಡಿದ. ನಿವೇದಿತಾ ತಾನೇ ಇಳಿಯಲು ಮುಂದಾದಳು. ಅಮ್ಮಣ್ಣಿ ಅವಳ ಸೀರೆಯ ಸೆರಗು ಹಿಡಿದಳು, ಮುನಿಯಣ್ಣ ರಟ್ಟೆ ಹಿಡಿದ. ಆಗ ನಿವೇದಿತಾ ಅಮ್ಮಣ್ಣಿಯ ಮುಖಕ್ಕೆ ಮುಖ ತಂದು, ಮೆಲ್ಲಗೆ ಅಂದಳು.

"ನಿಮ್ಮ ಮಗ ಉಳಿದ್ರ ಸಾಕಲ್ಲ ನಿಮಗ?"

ಅಮ್ಮಣ್ಣಿ ಸೆರಗು ಬಿಡಲಿಲ್ಲ.

ಬ್ಲೋವರ್ ಬಂತು. ಅಂಗಳದಲ್ಲಿ ಆ ಬಣ್ಣದ ಮನೆ ಉಸಿರು ಬಿಡುತ್ತ ನೆಲಕ್ಕೆ ಮಲಗಿಕೊಂಡಿತು; ಪ್ರಮಥ ಅಳುವುದು ಕೇಳಿಸುತ್ತಿತ್ತು. ಮುನಿಯಣ್ಣ ಉದ್ದದ ವೈರ್ ಎಳೆದುಕೊಟ್ಟ. "ಮೋಟಾರು ದೂರ ಇಡಿ, ಕಿಡಿ ಹಾರಬಾರದು. ಕೊಳವೆ ಮಾತ್ರ ಒಳಗೆ ಬಿಡಿ, ಅವನ ಮುಖದ ಮಟ್ಟಕ್ಕೆ" ಎಂದಳು ಅಮ್ಮಣ್ಣಿ. ಮಾವಿನಕಾಯಿ ಕೀಳುವ ದೋಟಿಗೆ ಕೊಳವೆಯ ತುದಿ ಕಟ್ಟಿ ಇಳಿಸಿದರು. ಸ್ವಿಚ್ ಹಾಕಿದಾಗ ಬಟ್ಟೆ ಉಬ್ಬಿ ಹಾವಿನಂತೆ ಹೊರಳಿತು. ಸಂಪಿನ ಬಾಯಿಂದ ಕೊಳೆತ ಮೊಟ್ಟೆಯ ವಾಸನೆ ಬುಗ್ಗೆಂದು ಬಂತು. "ಹಿಂದೆ ಸರೀರಿ" ಎಂದು ಎಲ್ಲರನ್ನೂ ಸರಿಸಿದಳು.

ನಿವೇದಿತಾ ದುಪ್ಪಟವೊಂದನ್ನು ನೀರಿನ ಬಾಟಲಿಯಿಂದ ಒದ್ದೆ ಮಾಡಿ ತಂದಳು. ಮೂಗಿಗೆ ಕಟ್ಟಿಕೊಂಡು ಇಳಿಯಬಹುದಲ್ಲ ಎಂದಳು. ಅಮ್ಮಣ್ಣಿ ತಲೆಯಾಡಿಸಿದಳು. "ಬಟ್ಟೆ ಧೂಳು ತಡೆಯುತ್ತೆ ಕಣಮ್ಮ. ಇಲ್ಲದ ಗಾಳಿಯನ್ನ ಅದು ಎಲ್ಲಿಂದ ತರುತ್ತೆ?"

ಫೈರ್ ಸ್ಟೇಷನ್ನಿನವರು ಹೊರಟಿದ್ದೇವೆ, ರಜೆಯ ಟ್ರಾಫಿಕ್ಕು, ಅರ್ಧ ಗಂಟೆಯಾದರೂ ಆಗುತ್ತದೆ ಎಂದರಂತೆ. ಅಮೂಲ್ಯಾ ಇದನ್ನು ಅತ್ತೆಯ ಕಿವಿಯಲ್ಲಿ ಹೇಳಿದಳು. ಅರ್ಧ ಗಂಟೆ. ಅಮ್ಮಣ್ಣಿ ಮುನಿಯಣ್ಣನ ವಾಚನ್ನು ಬಿಚ್ಚಿಸಿ ಕೈಯಲ್ಲಿ ಹಿಡಿದುಕೊಂಡಳು. ಹತ್ತು ಹನ್ನೆರಡು ನಿಮಿಷ ಗಾಳಿ ಹೊಡೆಯಬೇಕು, ಅದಕ್ಕಿಂತ ಮುಂಚೆ ಕಾಲಿಡುವಂತಿಲ್ಲ. ಗೊರಕೆಯ ಸದ್ದಿನ ನಡುವಿನ ಹೊತ್ತನ್ನು ಎಣಿಸಿದಳು. ಒಮ್ಮೆ ಹನ್ನೊಂದು, ಇನ್ನೊಮ್ಮೆ ಹದಿನಾಲ್ಕು. ಮುಳ್ಳು ಸರಿಯುತ್ತಲೇ ಇರಲಿಲ್ಲ. ಸುಧೀಂದ್ರ ಸಪೋಟ ಗಿಡಕ್ಕೆ ಹಣೆಯೊತ್ತಿ ನಿಂತಿದ್ದ. ನಿವೇದಿತಾ ಗಂಡನ ಹೆಸರನ್ನು ಒಂದೇ ಸಮನೆ ಕರೆಯುತ್ತಿದ್ದಳು, ಬೆಳಿಗ್ಗೆ ಎಬ್ಬಿಸುವ ಹಾಗೆ.

ಎಂಟು ನಿಮಿಷವಾದಾಗ ಗುರುರಾಜನ ತೋಳು ಕಂಬಿಯಿಂದ ಅರ್ಧ ಜಾರಿತು. ಗಲ್ಲ ನೀರಿಗೆ ತಾಗಿತು.

ಇನ್ನು ಕಾಯುವಂತಿರಲಿಲ್ಲ. ಜಾರಿದರೆ ಮೊಣಕಾಲುದ್ದ ನೀರೇ ಅವನಿಗೆ ಸಾಕು. ಅಮ್ಮಣ್ಣಿ ಎದ್ದು ನಿಂತಳು. ಯಾರನ್ನು ಇಳಿಸುವುದು?

"ನಾನಿಳೀತೀನಿ ಬಿಡಮ್ಮ" ಎಂದ ಮುನಿಯಣ್ಣ. ಆಗಲೇ ಅಂಗಿ ಬಿಚ್ಚಿ ಕೊಂಬೆಗೆ ನೇತುಹಾಕಿದ್ದ. ಪಕ್ಕೆಲುಬು ಎಣಿಸುವ ಹಾಗಿತ್ತು. "ನಂಗೆ ಇಳ್ದು ಅಭ್ಯಾಸ ಐತೆ. ಇಂಗೋಗಿ ಅಂಗ್ ಬತ್ತೀನಿ."

ಅಮ್ಮಣ್ಣಿಯ ಎದೆಯಲ್ಲಿ ಏನೋ ಒಂದು ಹಗುರಾಯಿತು. ಹೂಂ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇಳಿಯಲಿ, ಇವನು ಇಳಿಯಲಿ, ನನ್ನ ಮಗ ಮೇಲಿರಲಿ. ಹೀಗೆ ಅನಿಸಿದ್ದು ಎರಡು ಉಸಿರಿನಷ್ಟು ಹೊತ್ತು ಇರಬಹುದು. ಆ ಹೊತ್ತಿನಲ್ಲಿ ಅವಳಿಗೆ ಯಮನೂರ ನೆನಪಾದ. ಅವನ ಮುಖವನ್ನು ಅವಳು ಒಮ್ಮೆಯೂ ನೋಡಿದವಳಲ್ಲ. ಅವನ ತಾಯಿ ಕಾರ್ಖಾನೆಯ ಗೇಟಿನ ಹೊರಗೆ ಎರಡು ದಿನ ಕೂತಿದ್ದಳು ಎಂದಷ್ಟೇ ಕೇಳಿದ್ದಳು.

"ಬೇಡ ಮುನಿಯಣ್ಣ. ನಿಮಗೆ ಅವನನ್ನ ಎತ್ತಕ್ಕಾಗಲ್ಲ. ನೀವು ಹಗ್ಗ ಹಿಡೀರಿ." ಆಮೇಲೆ ತಿರುಗಿ ನೋಡದೆಯೇ ಅಂದಳು. "ಸುಧಿ, ಬಾ ಇಲ್ಲಿ."

ರಬ್ಬರ್ ಮನೆಯನ್ನು ಗೂಟಕ್ಕೆ ಕಟ್ಟಿದ್ದ ನೈಲಾನ್ ಹಗ್ಗ ಎರಡಿದ್ದವು. ಒಂದನ್ನು ಮಗನ ಎದೆಗೂ ಕಂಕುಳಿಗೂ ಬಳಸಿ, ಬೆನ್ನ ಮೇಲೆ ಗಂಟು ಹಾಕಿದಳು. ಕೈಗೆ ಅಂಟಿದ್ದ ಹಿಟ್ಟು ಒಣಗಿ ಉದುರುತ್ತಿತ್ತು. ಗಂಟನ್ನು ಎಳೆದು ನೋಡಿದಳು, ಇನ್ನೊಮ್ಮೆ ಎಳೆದಳು. ಇನ್ನೊಂದು ಹಗ್ಗದ ಕುಣಿಕೆಯನ್ನು ಅವನ ಕೈಗೆ ಕೊಟ್ಟಳು.

"ಕೊಳವೆ ಪಕ್ಕದಲ್ಲೇ ಮುಖ ಇಟ್ಕೋ. ಒಂದು, ಎರಡು ಅಂತ ಜೋರಾಗಿ ಎಣಿಸ್ತಾ ಇರು. ಎಣಿಕೆ ನಿಂತ್ರೆ ಎಳೀತೀವಿ. ಅವನ ಎರಡೂ ಕಂಕುಳಿನ ಕೆಳಗೆ ಕುಣಿಕೆ ಬರಬೇಕು. ತಲೆ ತಿರುಗಿದ ಹಾಗಾದ್ರೆ ಅವನನ್ನ ಬಿಟ್ಟು ಬರಬೇಕು. ಕೇಳಿಸ್ತಾ? ಬಿಟ್ಟು ಬರಬೇಕು."

"ಹೂಂ" ಎಂದ ಸುಧೀಂದ್ರ. ಅವನ ತುಟಿ ಬೆಳ್ಳಗಾಗಿತ್ತು. ನಾಲ್ಕು ವರ್ಷದವನಾಗಿದ್ದಾಗ ಸೂಜಿ ಚುಚ್ಚಿಸಿಕೊಳ್ಳಲು ಹೋಗುವಾಗಿನ ಮುಖ. ಅಮೂಲ್ಯಾ ಹಗ್ಗಕ್ಕೆ ಕೈ ಹಾಕಿದಳು. ಹಗ್ಗದಲ್ಲಿ ಮೊದಲು ಮುನಿಯಣ್ಣ, ಆಮೇಲೆ ಅಮ್ಮಣ್ಣಿ, ಅವಳ ಹಿಂದೆ ಅಮೂಲ್ಯಾ. ಗಂಡನ ಕುಣಿಕೆಯ ಹಗ್ಗ ನಿವೇದಿತಾಳ ಕೈಯಲ್ಲಿ.

ಮಗನ ತಲೆ ನೆಲದ ಮಟ್ಟಕ್ಕಿಂತ ಕೆಳಗೆ ಹೋಯಿತು. "ಒಂದು" ಎಂದ. "ಎರಡು. ಮೂರು."

ಅಮ್ಮಣ್ಣಿ ಕಣ್ಣು ಮುಚ್ಚಿಕೊಂಡಳು. ಕಣ್ಣು ತೆರೆದಿದ್ದರೆ ಆ ಚೌಕಾಕಾರದ ಕತ್ತಲೆ ಕಾಣುತ್ತಿತ್ತು, ಅದನ್ನು ನೋಡಲು ಅವಳಿಗೆ ಧೈರ್ಯವಿರಲಿಲ್ಲ. ಹನ್ನೆರಡಕ್ಕೆ ನೀರಿನ ಸದ್ದು. ಹದಿನೈದಕ್ಕೆ ಅವನ ದನಿ ಗೋಡೆಗೆ ಬಡಿದು ದಪ್ಪಗಾಯಿತು. ಹದಿನಾರು. ಹದಿನೇಳು.

ಆಮೇಲೆ ಏನೂ ಇಲ್ಲ.

"ಎಳೀರಿ" ಎಂದಳು. ಹಗ್ಗ ಬಿಗಿದಳು, ಕಾಲು ಮಣ್ಣಿನಲ್ಲಿ ಜಾರಿತು. ಅಷ್ಟರಲ್ಲಿ ಕೆಳಗಿನಿಂದ, "ಇದ್ದೀನಮ್ಮ, ಇದ್ದೀನಿ, ಎಳೀಬೇಡ. ಕುಣಿಕೆ ಹಲ್ಲಲ್ಲಿ ಕಚ್ಕೊಂಡಿದ್ದೆ. ಹದಿನೆಂಟು."

ಇಪ್ಪತ್ತೊಂಬತ್ತಕ್ಕೆ "ಆಯ್ತು, ನನ್ನ ಮೊದಲು ಎಳೀರಿ" ಎಂದ. ಅವನು ಮೇಲೆ ಬಂದು ಬಿದ್ದು, ಬಗ್ಗಿ ಕೂತು, ಎರಡು ಸಲ ವಾಂತಿ ಮಾಡಿದ. ಅಮ್ಮಣ್ಣಿ ಅವನ ಬೆನ್ನು ಸವರಲು ನಿಲ್ಲಲಿಲ್ಲ. ಎಲ್ಲರೂ ಗುರುರಾಜನ ಹಗ್ಗಕ್ಕೆ ಕೈ ಹಾಕಿದರು. ಹೆಣಭಾರ. ಸಂಪಿನ ಅಂಚಿಗೆ ಅವನ ಬೆನ್ನು ಉಜ್ಜಿ ಅಂಗಿ ಹರಿಯಿತು. ಮೇಲೆ ಬಂದಾಗ ಉಗುರು, ತುಟಿ ನೇರಳೆ ಬಣ್ಣಕ್ಕೆ ತಿರುಗಿದ್ದವು. ಅಮ್ಮಣ್ಣಿ ಅವನನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಬೆರಳು ಹಾಕಿ ಕೆಸರು ತೆಗೆದಳು. ಬ್ಲೋವರಿನ ಕೊಳವೆಯನ್ನು ಮುಖದ ಹತ್ತಿರ ಹಿಡಿಸಿದಳು. ಉಸಿರು ನಿಂತರೆ ಎದೆ ಒತ್ತಲು ತಯಾರಾಗಿ, ಅವನ ಪಕ್ಕದಲ್ಲೇ ಮಂಡಿಯೂರಿ ಕೂತಳು. ನಿಲ್ಲಲಿಲ್ಲ. ಗೊರಕೆಗಳ ನಡುವಿನ ಅಂತರ ಹತ್ತಾಯಿತು, ಏಳಾಯಿತು.

ಆಂಬುಲೆನ್ಸು ಮೊದಲು ಬಂತು, ಅಗ್ನಿಶಾಮಕದವರು ಅದರ ಹಿಂದೆ. ಅವರ ಅಧಿಕಾರಿ ಸಂಪು ನೋಡಿದ, ಬ್ಲೋವರ್ ನೋಡಿದ, "ಯಾರಮ್ಮ ಇದನ್ನ ಹಾಕ್ಸಿದ್ದು" ಎಂದು ಕೇಳಿದ. ಯಾರೋ ಅಮ್ಮಣ್ಣಿಯ ಕಡೆ ಕೈ ತೋರಿಸಿದರು. ಅವಳು ಕೊಟ್ಟಿಗೆಯ ಕಲ್ಲಿನ ಮೇಲೆ ಕೂತಿದ್ದಳು. ಸ್ಫೂರ್ತಿ ಬಂದು ಅವಳ ಪಕ್ಕ ಕೂತಳು. ಕೇಕ್ ಕತ್ತರಿಸುವುದು ಯಾವಾಗ ಎಂದು ಪ್ರಮಥ ಕೇಳಿದ. ಅಮೂಲ್ಯಾ ಊಟಕ್ಕೆ ಬರಬೇಕಿದ್ದ ಸಂಸಾರಗಳಿಗೆ ಫೋನ್ ಮಾಡಿ, ಬರಬೇಡಿ ಎನ್ನುತ್ತಿದ್ದಳು.

ಗುರುರಾಜ್ ಐದು ದಿನ ಐಸಿಯುನಲ್ಲಿದ್ದ, ಒಟ್ಟು ಹದಿನಾರು ದಿನ ಆಸ್ಪತ್ರೆಯಲ್ಲಿ. ಬದುಕಿದ. ಆದರೆ ಮೊದಲಿನ ಗುರುರಾಜ್ ಅಲ್ಲ. ಬಲಗೈ ನಡುಗುತ್ತಿತ್ತು, ಮಾತಿನ ನಡುವೆ ಪದ ಹುಡುಕುತ್ತ ನಿಂತುಬಿಡುತ್ತಿದ್ದ. ದೊಡ್ಡ ದನಿ ಸಣ್ಣದಾಗಿತ್ತು. ಇನ್ನೂ ಎರಡು ಮೂರು ನಿಮಿಷ ತಡವಾಗಿದ್ದರೆ ಇಷ್ಟೂ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಅಮ್ಮಣ್ಣಿ ಆ ಮಾತನ್ನು ಇನ್ನೊಂದು ಕಡೆಯಿಂದ ಕೇಳಿಸಿಕೊಂಡಳು. ಎರಡು ಮೂರು ನಿಮಿಷ ಮುಂಚೆ ಎತ್ತಿದ್ದರೆ? ಆರು ನಿಮಿಷಕ್ಕೇ ಇಳಿಸಿದ್ದರೆ ಆಗುತ್ತಿತ್ತೋ ಏನೋ. ಆಗದೆ ಇಬ್ಬರೂ ಹೋಗುತ್ತಿದ್ದರೋ ಏನೋ. ಬೆಳಗಿನ ಜಾವ ಎಚ್ಚರವಾದಾಗ ಇದೇ ಲೆಕ್ಕ.

ಸುಧೀಂದ್ರ ಆ ವಿಷಯ ಎತ್ತಲಿಲ್ಲ. ಒಂದು ದಿನ ಮಾತ್ರ, ಅಂಗಿ ಬದಲಿಸುವಾಗ ತೋಳಿನ ಮೇಲಿನ ಉಗುರಿನ ಗುರುತು ಮುಟ್ಟಿಕೊಂಡು ಕೇಳಿದ. "ಅಮ್ಮ, ಅಪ್ಪನ್ನ ಹಿಡ್ಕೊಳ್ಳೋಕೆ ಆವತ್ತು ಯಾರೂ ಇರಲಿಲ್ವಾ?"

"ಇದ್ರಂತೆ ನಾಲ್ಕೈದು ಜನ" ಎಂದಳು. "ಯಾರಿಗೂ ಹೊಳೀಲಿಲ್ಲ."

ನವೆಂಬರಿನ ಒಂದು ಶನಿವಾರ ಅಮ್ಮಣ್ಣಿ ಮಗನನ್ನು ಕರೆದುಕೊಂಡು ಸರ್ಜಾಪುರದ ಆಚೆಗೆ ಹೋದಳು. ತೋಟದ ಮನೆಗಲ್ಲ, ಮುನಿಯಣ್ಣನ ಮನೆಗೆ. ವಾಚು ಅವಳ ಹತ್ತಿರವೇ ಉಳಿದಿತ್ತು. ವಾಚು ಕೊಟ್ಟು, ಅವನ ಹೆಂಡತಿ ಕೊಟ್ಟ ಕಾಫಿ ಕುಡಿದು, ಸುಧೀಂದ್ರ ಹೊರಗೆ ಹೋದಾಗ ಅಮ್ಮಣ್ಣಿ ಹೇಳಿದಳು.

"ಮುನಿಯಣ್ಣ, ಆವತ್ತು ನೀವು ಇಳೀತೀನಿ ಅಂದಾಗ ನನಗೆ ಹೂಂ ಅನ್ನೋ ಮನಸ್ಸಾಗಿತ್ತು. ಮಗ ಉಳೀಲಿ, ನೀವು ಹೋಗಿ ಅಂತ. ನಿಮಗೆ ಹೇಳದೆ ಇರೋಕಾಗಲಿಲ್ಲ."

ಮುನಿಯಣ್ಣ ವಾಚಿಗೆ ಕೀಲಿ ಕೊಟ್ಟ.

"ನಂಗೂ ಎದೆ ಒಡೆದೋಗ್ತಿತ್ತು ಕಣಮ್ಮ" ಎಂದ. "ಯಾರಾನ ಬ್ಯಾಡ ಅನ್ಲಿ ಅಂತ್ಲೇ ಅಂಗಿ ಬಿಚ್ಚಿದ್ದು. ದೊಡ್ಡೋರ್ ಮನೆ ಜನ ನಿಂತಿರುವಾಗ ಇಳಿಯಲ್ಲ ಅನ್ನಕ್ಕಾಯ್ತದಾ. ನೀವ್ ಬ್ಯಾಡ ಅಂದ್ರಿ. ಅಷ್ಟೇಯ." ಆಮೇಲೆ ಹೆಂಡತಿಯನ್ನು ಕರೆದು, ಅಮ್ಮನಿಗೆ ಒಂದಿಷ್ಟು ಸಪೋಟ ಕಟ್ಟಿಕೊಡು ಎಂದ.

ನಿವೇದಿತಾ ಎದುರು ಮನೆಯಲ್ಲೇ ಇದ್ದಳು. ಲಿಫ್ಟಿನಲ್ಲಿ ಸಿಕ್ಕರೆ ತಲೆಯಾಡಿಸುತ್ತಿದ್ದಳು, ಅಷ್ಟೆ. ಮನೆಗೆ ಬರುತ್ತಿರಲಿಲ್ಲ. ಅಮ್ಮಣ್ಣಿ ಎರಡು ಸಲ ಸಾರು ಮಾಡಿ ಕಳಿಸಿದಳು. ಪಾತ್ರೆ ತೊಳೆದು ವಾಪಸು ಬಂತು, ಮಾತು ಬರಲಿಲ್ಲ. ಡಿಸೆಂಬರಿನ ಮೊದಲ ವಾರ ಒಂದು ಸಂಜೆ ಅವಳೇ ಬಾಗಿಲು ತಟ್ಟಿದಳು. ಒಳಗೆ ಬಾ ಎಂದರೂ ಹೊಸ್ತಿಲಲ್ಲೇ ನಿಂತಳು.

"ನೀವು ಮಾಡಿದ್ದು ಸರಿ ಅಂತ ಗೊತ್ತೈತಿ ನಂಗ" ಎಂದಳು. "ಡಾಕ್ಟ್ರು ಹೇಳಿದ್ರು, ಫೈರ್‌ನವ್ರೂ ಹೇಳಿದ್ರು. ಆದ್ರ ಆ ಹತ್ತು ನಿಮಿಷ ನಂಗ ಮರೀಲಿಕ್ಕೆ ಆಗವಲ್ದು. ನಿಮ್ಮನ್ನ ನೋಡಿದ್ರ ಅದೇ ನೆನಪಾಗ್ತೈತಿ."

"ಮರೀಬೇಕು ಅಂತ ನಾನೂ ಹೇಳಲ್ಲಮ್ಮ" ಎಂದಳು ಅಮ್ಮಣ್ಣಿ.

ನಿವೇದಿತಾ ಕೈಯಲ್ಲಿದ್ದ ಫೈಲು ಆ ಕೈಯಿಂದ ಈ ಕೈಗೆ ಬದಲಿಸಿದಳು. "ನಾಳೆಯಿಂದ ನಂಗ ಆಫೀಸಿಗೆ ಹೋಗೂದೈತಿ. ರಜಾ ಎಲ್ಲಾ ಮುಗದಾವ. ಇವ್ರನ್ನ ಫಿಸಿಯೋಥೆರಪಿಗೆ ಕರ್ಕೊಂಡು ಹೋಗ್ಬೇಕು, ಮಾರತ್ತಹಳ್ಳಿಗೆ. ಒಬ್ಬರ ಹೋಗ್ತೀನಿ ಅಂತಾರ, ನಂಗ ಅಂಜಿಕಿ. ಬ್ಯಾರೆ ಯಾರ್ ಜೋಡಿ ಕಳಸಾಕೂ ಮನಸ್ಸು ಒಪ್ಪವಲ್ದು."

"ಎಷ್ಟು ಗಂಟೆಗೆ?"

"ಹತ್ತಕ್ಕ."

"ಒಂಬತ್ತಕ್ಕೇ ರೆಡಿ ಇರ್ತೀನಿ."

ಮರುದಿನ ಗುರುರಾಜ್ ಕೋಲು ಹಿಡಿದು ಹೊರಗೆ ಬಂದ. "ಅಮ್ಮಾರೇ" ಅಂದ, ಮುಂದಿನ ಮಾತಿಗೆ ಹುಡುಕಾಡಿದ, ಸಿಗದೆ ನಕ್ಕ. ಅಮ್ಮಣ್ಣಿ ಅವನ ಎಡ ರಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ನೆಲ ಇದೆಯೆಂದು ಬಗ್ಗಿ ನೋಡಿ, ಮೊದಲು ತಾನು ಒಂದು ಕಾಲಿಟ್ಟು, ಆಮೇಲೆ ಅವನನ್ನು ಕರೆದಳು.